ಪುಕ್ಕಟೆ ಹೋಗುವ ಜನ

ನನ್ನ ಗಂಡ ಪ್ರಸನ್ನಕುಮಾರ್ ತೀರಿಕೊಂಡ ಮೇಲೆ ಭದ್ರಾವತಿಯ ನಮ್ಮ ಬೀದಿಯಲ್ಲಿ ಎಲ್ಲರೂ ವಿಮೆಯ ಪಂಡಿತರಾದರು. ಮಾತನಾಡಿಸಲು ಬಂದವರು ಮೊದಲು ಛೆ ಛೆ ಎನ್ನುತ್ತಿದ್ದರು. ಕಾಫಿ ಕುಡಿದಾದ ಮೇಲೆ ಪಾಲಿಸಿ ಚಾಲ್ತಿಯಲ್ಲಿತ್ತೇ, ಲೈಸೆನ್ಸ್ ರಿನ್ಯೂ ಆಗಿತ್ತೇ, ಬೆಲ್ಟ್ ಹಾಕಿದ್ದರೇ ಎಂದು ಒಂದೊಂದಾಗಿ ಕೇಳುತ್ತಿದ್ದರು. ನಾನು ಎಲ್ಲಕ್ಕೂ ಹೌದು ಎನ್ನುತ್ತಿದ್ದೆ. ಹೌದು ಎನ್ನಲು ಹೆಚ್ಚು ಶಕ್ತಿ ಬೇಕಾಗುವುದಿಲ್ಲ.

ಶಿವಮೊಗ್ಗದಿಂದ ವಾಪಸ್ ಬರುವಾಗ ನಿದಿಗೆ ಹತ್ತಿರ ಎಮ್ಮೆ ಅಡ್ಡ ಬಂದಿತ್ತು. ಇವರು ಸ್ಟಿಯರಿಂಗ್ ತಿರುಗಿಸಿದರು, ಕಾರು ಮರಕ್ಕೆ ಹೊಡೆಯಿತು. ಲಾರಿ ಬಂದು ಗುದ್ದಿದ್ದರೆ ಲಾರಿಯ ವಿಮೆಯಿಂದ ಪರಿಹಾರ ಕೇಳಬಹುದಿತ್ತಂತೆ. ಎಮ್ಮೆಗೆ ಅಂಥದ್ದೇನೂ ಇರಲಿಲ್ಲ. ಇವರ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಗೂ ಒಂದು ವಿಮೆ ಇತ್ತು. ಬೆಂಕಿ ಬಿದ್ದರೆ, ಕಳ್ಳ ನುಗ್ಗಿದರೆ, ನೆರೆ ಬಂದರೆ ಅದು ಕೊಡುತ್ತದೆ. ಅಂಗಡಿ ಬಾಗಿಲು ತೆಗೆಯುವವರೇ ಇಲ್ಲವಾದರೆ ಏನೂ ಕೊಡುವುದಿಲ್ಲ.

ಉಳಿದದ್ದು ಕಾರಿನ ಪಾಲಿಸಿ. ಮಾಲೀಕ ತಾನೇ ಓಡಿಸುವಾಗ ಸತ್ತರೆ ಮನೆಯವರಿಗೆ ಹದಿನೈದು ಲಕ್ಷ. 'ಇದರಲ್ಲಿ ತೊಂದರೆನೇ ಇಲ್ಲ ಮೇಡಂ, ಕಣ್ಣು ಮುಚ್ಕೊಂಡು ಬರುತ್ತೆ' ಎಂದಿದ್ದ ಏಜೆಂಟ್ ಯೋಗೇಶ್. ಮಗಳು ಅಮೂಲ್ಯಳ ನರ್ಸಿಂಗ್ ಓದು, ನಮ್ಮಿಬ್ಬರ ಊಟ, ಎಲ್ಲ ಆ ದುಡ್ಡಿನ ಮೇಲೆ ನಿಂತಿತ್ತು. ಅರ್ಜಿಗೆ ಎಲ್ಲಿ ಸಹಿ ಹಾಕು ಎಂದರೋ ಅಲ್ಲಿ ಹಾಕಿದೆ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ಯಾರದ್ದೋ ಅನ್ನಿಸುತ್ತದಲ್ಲ, ಆಗ ನನಗೆ ಇಡೀ ಮೈ ಹಾಗಿತ್ತು.

ಕಂಪನಿಯಿಂದ ಬಂದ ಕಾಗದವನ್ನು ಯೋಗೇಶನೇ ಓದಿ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

'ರಿಜೆಕ್ಟ್ ಮಾಡಿದಾರೆ ಮೇಡಂ. ಸ್ವಂತದ ಕಾರನ್ನ ಬಾಡಿಗೆಗೆ ಓಡಿಸಿದ್ರು ಅಂತ. ದುಡ್ಡು ತಗೊಂಡು ಜನಾನ ಕರ್ಕೊಂಡು ಹೋದ್ರೆ ಈ ಪಾಲಿಸಿ ನಡೆಯಲ್ಲ.'

'ಯಾರ ಹತ್ರ ದುಡ್ಡು ತಗೊಂಡ್ರಂತೆ?'

'ಎದುರುಮನೆ ಜಲಜಮ್ಮೋರು ಬರ್ಕೊಟ್ಟಿದಾರೆ.'

ಜಲಜಮ್ಮ ಆ ದಿನ ಕಾರಿನ ಹಿಂದಿನ ಸೀಟಿನಲ್ಲಿದ್ದರು, ತೊಡೆಯ ಮೇಲೆ ಮೊಮ್ಮಗಳು ಸಿರಿ. ಇವರು ಅಂಗಡಿಯ ಸಾಮಾನು ತರಲು ಶಿವಮೊಗ್ಗಕ್ಕೆ ಹೊರಟಿದ್ದರು; ಸಿರಿಗೆ ಕಿವಿನೋವು, ಅಲ್ಲಿನ ದುರ್ಗಿಗುಡಿಯ ಡಾಕ್ಟರಿಗೆ ತೋರಿಸಬೇಕು ಎಂದು ಆಕೆ ಹತ್ತಿದ್ದರು. ಇಬ್ಬರಿಗೂ ತರಚುಗಾಯವಷ್ಟೇ ಆಗಿತ್ತು. ಆಮೇಲೆ ಕಂಪನಿ ಕಡೆಯಿಂದ ವಿಚಾರಣೆಗೆ ಬಂದ ಹುಡುಗನಿಗೆ ಜಲಜಮ್ಮ ಚಕ್ಕುಲಿ ಕೊಟ್ಟು, ಕಾಫಿ ಕೊಟ್ಟು, ಹೇಳಿಕೆಯನ್ನೂ ಕೊಟ್ಟು ಕಳಿಸಿದ್ದರು.

ನಾನು ರಸ್ತೆ ದಾಟಿ ಹೋಗಿ ಕೇಳಿದೆ. ಜಲಜಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

'ಹೌದು ಕಣಮ್ಮ, ಐನೂರು ಕೊಟ್ಟೆ. ಇನ್ನೊಬ್ಬರ ಕಾರಲ್ಲಿ ಪುಕ್ಕಟೆ ಹೋಗೋ ಜನ ಅಲ್ಲ ನಾವು. ನಮ್ಮ ಮನೆಯವರು ಇದ್ದಾಗ್ಲೂ ಅಷ್ಟೇ, ಯಾರ ಹಂಗಲ್ಲೂ ಇರ್ಲಿಲ್ಲ.'

'ಇವರು ತಗೊಂಡ್ರಾ?'

'ತಗೊಂಡ,' ಎಂದು ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು.

ಮನೆಗೆ ಬಂದು ಕುಕ್ಕರ್ ಇಟ್ಟೆ. ಹದಿನೈದು ಲಕ್ಷ ಹೋಯಿತು ಎನ್ನುವುದು ತಲೆಗೆ ಹೋಗಲೇ ಇಲ್ಲ, ಆ ಐನೂರು ಮಾತ್ರ ಅಲ್ಲೇ ಕೂತಿತು. ಬೀದಿಯ ಅರ್ಧ ಜನ ಇವರ ಕಾರಲ್ಲಿ ಶಿವಮೊಗ್ಗ ನೋಡಿದ್ದಾರೆ. 'ಹೆಂಗೂ ಹೋಗೋ ಗಾಡಿ' ಎನ್ನುತ್ತಿದ್ದರು ಇವರು. ಅಂಗಡಿಯಲ್ಲಿ ವ್ಯಾಪಾರ ಇಳಿದಿತ್ತು, ಅದು ನನಗೂ ಗೊತ್ತು. ಹಾಗಾದರೆ ಎಲ್ಲರ ಹತ್ತಿರವೂ ತೆಗೆದುಕೊಳ್ಳುತ್ತಿದ್ದರೇ? ಕಿವಿ ನೋಯುವ ಮಗುವನ್ನು ಕರೆದುಕೊಂಡು ಹೋಗಲೂ ಕೈ ಚಾಚಿದರೇ? ನನಗೆ ಹೇಳದೆ? ಕೋಪ ಬಂದಿದ್ದರೂ ಒಳ್ಳೆಯದಿತ್ತು. ಅದೂ ಬರಲಿಲ್ಲ. ಗೋಡೆಯ ಮೇಲಿದ್ದ ಇವರ ಫೋಟೊಕ್ಕೆ ಹೂ ಇಡುವಾಗ, ಗುರುತಿಲ್ಲದ ಯಾರಿಗೋ ಇಟ್ಟಂತಾಗುತ್ತಿತ್ತು.

ಯೋಗೇಶ್ ಬಿಡಲಿಲ್ಲ. ಅವನಿಗೂ ಊರಲ್ಲಿ ಮುಖ ಎತ್ತಿಕೊಂಡು ತಿರುಗಬೇಕಲ್ಲ. ಮೇಲ್ಮನವಿ ಬರೆಸಿದ; ಜಲಜಮ್ಮ ಖುದ್ದಾಗಿ ಬಂದು ಇನ್ನೊಮ್ಮೆ ಹೇಳಲಿ ಎಂದು ಶಿವಮೊಗ್ಗದ ಕಚೇರಿಯಿಂದ ದಿನ ಗೊತ್ತು ಮಾಡಿಸಿದ. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬಂದರು, ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದರು. ಬಸ್ಸಿನಲ್ಲಿ ಇಬ್ಬರ ಟಿಕೆಟನ್ನೂ ತಾವೇ ತೆಗೆಸಿದರು.

ಅಧಿಕಾರಿಯ ಹೆಸರು ಶಿವಮೂರ್ತಪ್ಪ. ಹಣೆಯಲ್ಲಿ ವಿಭೂತಿ, ಸಮಾಧಾನದ ಮಾತು. ನಿವೃತ್ತಿಗೆ ಹತ್ತಿರವಿದ್ದಂತೆ ಕಂಡರು. ಜಲಜಮ್ಮನಿಗೆ ಕುರ್ಚಿ ತೋರಿಸಿ, 'ಹೆದರ್ಕೋಬೇಡಿ ತಾಯಿ. ನಡೆದಿದ್ದು ನಡೆದ ಹಾಗೆ ಹೇಳಿ. ದುಡ್ಡು ಕೊಟ್ಟಿದ್ರಾ?' ಎಂದರು.

'ಕೊಟ್ಟೆ ಸ್ವಾಮಿ.'

'ಅವರು ತಗೊಂಡ್ರಾ?'

'ತಗೊಂಡ.' ಜಲಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ. 'ತಗೊಂಡು ನಮ್ಮ ಸಿರಿ ಕೈಗೆ ಇಟ್ಟ. ಡಾಕ್ಟ್ರು ಸೂಜಿ ಚುಚ್ಚದಿದ್ರೆ ಐಸ್‌ಕ್ರೀಮ್ ತಿನ್ನು, ಚುಚ್ಚಿದ್ರೆ ಎರಡು ತಿನ್ನು ಅಂದ.'

ಅದು ಇವರದೇ ಮಾತು. ಅಮೂಲ್ಯ ಚಿಕ್ಕವಳಿದ್ದಾಗ ಅವಳಿಗೂ ಇದನ್ನೇ ಹೇಳುತ್ತಿದ್ದರು. ಹಿರಿಯರು ದುಡ್ಡು ಚಾಚಿದಾಗ ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಅದಕ್ಕೆ ತೆಗೆದುಕೊಂಡು, ಅಲ್ಲೇ ಇರುವ ಮಗುವಿನ ಕೈಗೆ ಇಟ್ಟುಬಿಡುವುದು. ನಮ್ಮ ಕಡೆ ಎಲ್ಲರೂ ಮಾಡುವುದೇ. ನನಗೇ ಹೊಳೆಯಲಿಲ್ಲವಲ್ಲ.

ಶಿವಮೂರ್ತಪ್ಪ ಪೆನ್ನು ಕೆಳಗಿಟ್ಟರು. 'ಅಂದ್ರೆ, ತಗೊಂಡಿದ್ದು ಹೌದು. ಆಮೇಲೆ ಮಗುಗೆ ಕೊಟ್ಟಿದ್ದು ಬೇರೆ.'

'ಬೇರೆ ಹೇಗಾಗುತ್ತೆ ಸಾರ್?' ಎಂದೆ. ಇಷ್ಟು ದಿನದಲ್ಲಿ ನಾನು ಎದುರು ಮಾತಾಡಿದ್ದು ಅದೇ ಮೊದಲಿರಬೇಕು. 'ನಿಮ್ಮನೇಲಿ ಹೇಗೆ ಮಾಡ್ತೀರಿ?'

ಅವರು ಮುಂದಿದ್ದ ಫಾರಂ ಅನ್ನು ನನ್ನ ಕಡೆ ತಿರುಗಿಸಿದರು. 'ನಮ್ಮನೇಲೂ ಹಿಂಗೇ ಕಣಮ್ಮ. ಆದ್ರೆ ಅದನ್ನ ಬರೆಯೋಕೆ ಇಲ್ಲಿ ಕಾಲಂ ಇಲ್ಲ. ಮೊದಲ್ನೇ ಹೇಳಿಕೇಲಿ ಕೊಟ್ಟೆ ಅಂತ ಸಹಿ ಇದೆ, ಈಗ್ಲೂ ಕೊಟ್ಟೆ ಅಂತಾನೇ ಅಂತಿದಾರೆ. ಇವತ್ತಿನ ಮಾತನ್ನೂ ಸೇರಿಸಿ ಮೇಲಕ್ಕೆ ಕಳಿಸ್ತೀನಿ. ಆಸೆ ಇಟ್ಕೋಬೇಡಿ. ಬೇಕಿದ್ರೆ ಗ್ರಾಹಕರ ಕೋರ್ಟಿಗೆ ಹೋಗಿ.' ಅವರು ಕೆಟ್ಟವರೇನಲ್ಲ. ಬಾಗಿಲವರೆಗೂ ಬಂದು ಕಳಿಸಿದರು.

ಬಸ್ ಕಾಯಲು ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಕಚೇರಿಗೆ ಬಂದಿದ್ದ ಯೋಗೇಶ್ ತನ್ನ ಬೈಕ್ ಹತ್ತಿ ಹೊರಟುಹೋದ.

'ಮೊದ್ಲೇ ಯಾಕೆ ಹೇಳ್ಲಿಲ್ಲ ಜಲಜಕ್ಕ? ನಾನು ಮನೆಗೇ ಬಂದು ಕೇಳಿದ್ನಲ್ಲ.'

ಜಲಜಮ್ಮ ಸೆರಗನ್ನು ತಲೆಗೆ ಎಳೆದುಕೊಂಡರು. 'ವಾಪಸ್ ಕೊಟ್ಟ ಅಂದ್ರೆ ಪುಕ್ಕಟೆ ಹೋದ ಹಾಗಾಗುತ್ತಲ್ಲ ಮಾರಾಯ್ತಿ. ಬದುಕಿದ್ದಿದ್ರೆ ಬೇರೆ ಮಾತು. ಹಬ್ಬಕ್ಕೆ ಕರೆದು ಒಂದು ಹೋಳಿಗೆ ಊಟ ಹಾಕಿ ತೀರಿಸ್ಕೊಳ್ತಿದ್ದೆ. ನಮ್ಮನ್ನ ಕರ್ಕೊಂಡು ಬರ್ತಾನೇ ಹೋಗ್ಬಿಟ್ಟ. ಸತ್ತೋನ ಋಣಾನ ಯಾರಿಗೆ ತೀರಿಸ್ಲಿ? ಕೊಟ್ಟೆ ಅಂದ್ಕೊಂಡಾದ್ರೂ ಇರೋಣ ಅಂತ...'

ಸಿಟ್ಟು ಬಂತು. ಈ ಹೆಂಗಸಿನ ಮೇಲೆ, ಆ ಕಾಲಮ್ಮಿನ ಮೇಲೆ, ಇವರನ್ನು ಸಣ್ಣ ಮನುಷ್ಯ ಎಂದುಕೊಂಡು ಅಷ್ಟು ದಿನ ಕೂತಿದ್ದ ನನ್ನ ಮೇಲೆ.

'ತೀರಿಸೋದೇನೂ ಬೇಡ,' ಎಂದು ಆಕೆಯ ರಟ್ಟೆ ಹಿಡಿದುಕೊಂಡೆ. 'ಅವರು ಪುಕ್ಕಟೆ ಕರ್ಕೊಂಡು ಹೋದ್ರು. ನೀವು ಪುಕ್ಕಟೆ ಹೋದ್ರಿ. ಹೇಳಿ.'

'ಪ್ರಿಯಾ, ಜನ ನೋಡ್ತಿದಾರೆ.'

'ನೋಡ್ಲಿ. ಹೇಳಿ.'

'ಪುಕ್ಕಟೆ ಹೋದೆ,' ಎಂದರು ತಲೆ ತಗ್ಗಿಸಿ.

'ಯಾರು ಕರ್ಕೊಂಡು ಹೋಗಿದ್ದು?'

'ಪ್ರಸನ್ನ. ನಿನ್ನ ಗಂಡ. ಪುಕ್ಕಟೆ ಕರ್ಕೊಂಡು ಹೋದ. ಒಂದು ಪೈಸೆ ಇಟ್ಕೊಳ್ಲಿಲ್ಲ ಕಣಮ್ಮ.'

ಭದ್ರಾವತಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ರಿ ಹತ್ರಿ ಎಂದು ಕೂಗುತ್ತಿದ್ದ. ನಾನು ಆಕೆಯ ರಟ್ಟೆ ಹಿಡಿದುಕೊಂಡೇ ಇದ್ದೆ.

'ಇನ್ನೊಂದ್ಸಲ ಹೇಳಿ,' ಎಂದೆ.