ಒಂದು ಮೆಟ್ಟಿಲು ಕೆಳಗೆ

ನಾನು ಒಂದು ಕೈ ವೈರ್‌ಲೆಸ್. ಊರವರು ವಾಕಿಟಾಕಿ ಎನ್ನುತ್ತಾರೆ, ಅನ್ನಲಿ. ಮಕ್ಕಳ ಆಟಿಕೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ ಎಂಬುದೊಂದೇ ಸ್ವಲ್ಪ ಚುಚ್ಚುತ್ತದೆ. ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ, ಬಿಳಿ ಟೊಪ್ಪಿಗೆ ತೊಟ್ಟ ಹೆಣ್ಣುಮಕ್ಕಳ ಬೆರಳುಗಳ ನಡುವೆ. ಅವರು ನನಗೆ ದೊಡ್ಡ ಕಿವಿ ಕೊಟ್ಟು ಸಣ್ಣ ಬಾಯಿ ಕೊಟ್ಟರು. ದೋಣಿಯವರು, ಬಂದರಿನವರು, ದೂರದ ಹಡಗಿನವರು, ಎಲ್ಲರ ಮಾತೂ ನನಗೆ ಕೇಳುತ್ತದೆ. ಮಾತಾಡಲು ಮಾತ್ರ ಒಂದೇ ಒಂದು ಕಿರಿದಾದ ಪಟ್ಟಿ. ಪರವಾನಗಿ ಪಡೆದ ಹ್ಯಾಮ್, ಎಂದರೆ ರೇಡಿಯೋ ಹವ್ಯಾಸಿಗಳದ್ದು. ಅದರಾಚೆ ಗುಂಡಿ ಒತ್ತಿದರೆ ಕೀಂ ಎಂದು ಸುಮ್ಮನಾಗಬೇಕು. ಹುಟ್ಟುವಾಗಲೇ ಬಾಯಿ ಹೊಲಿದು ಕಳಿಸಿದ್ದರು.

ನನ್ನ ಮೊದಲ ಒಡೆಯರು ಕುಮಟೆ ಕಡೆಯ ಒಂದು ಸಣ್ಣ ಬಂದರಿನ ಪಾಂಡುರಂಗ ಶಾನಭಾಗ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆದವರು. ನಿಯಮ ಎಂದರೆ ನಿಯಮ. ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ ಸೈಕಲ್ ತಿರುಗಿಸುವಾಗಲೂ ಕೈ ಚಾಚಿ ತೋರಿಸುವ ಮನುಷ್ಯ.

ದೂರದ ಗುಡ್ಡದ ಮೇಲೆ ಹ್ಯಾಮ್‌ನವರ ಒಂದು ಯಂತ್ರವಿತ್ತು. ನಮ್ಮಂಥ ಸಣ್ಣವರ ದನಿ ಕೇಳಿಸಿಕೊಂಡು ಜೋರಾಗಿ ಊರೂರಿಗೆ ದಾಟಿಸುವುದು ಅದರ ಕೆಲಸ. ಅದು ಹೇಳಿದ್ದನ್ನು ಒಂದು ತರಂಗದಲ್ಲಿ ಕೇಳಬೇಕು, ನಾವು ಹೇಳುವುದನ್ನು ಅದಕ್ಕಿಂತ ತುಸು ಕೆಳಗಿನ ತರಂಗದಲ್ಲಿ ಹೇಳಬೇಕು. ಮಾಸ್ತರರು ಇದಕ್ಕೆ ‘ಒಂದು ಮೆಟ್ಟಿಲು ಇಳಿದು ಮಾತಾಡುವುದು’ ಎನ್ನುತ್ತಿದ್ದರು. ಗುಂಡಿ ಒತ್ತಿದೊಡನೆ ನಾನೇ ಮೆಟ್ಟಿಲಿಳಿಯುವಂತೆ, ಬಿಟ್ಟೊಡನೆ ಹತ್ತುವಂತೆ ಹೊಂದಿಸಿದ್ದರು. ಅವರಿಗೂ ನನಗೂ ಅದು ಅಭ್ಯಾಸವಾಗಿಹೋಯಿತು. ಈ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ.

ಒಂದು ಬೆಳಿಗ್ಗೆ ಜಗಲಿಯಲ್ಲಿ ದೋಣಿಯವರ ಮಾತನ್ನು ಕೇಳಿಸುತ್ತಾ ಕೂತಿದ್ದೆ. ಮೀನಿನ ಬುಟ್ಟಿ ಹೊತ್ತು ಶೇವಂತಿ ಬಂದಳು. ದಿನವೂ ಬರುವವಳು, ಬಂಗಡೆಯ ಕಿವಿರು ಬಿಡಿಸಿ ತೋರಿಸಿ, ಮಾಸ್ತರರ ಹೆಂಡತಿಯೊಡನೆ ಚೌಕಾಸಿ ಮಾಡಿ, ಸೋತಂತೆ ನಟಿಸಿ ಹೋಗುವವಳು. ಅಂದು ಬುಟ್ಟಿ ಇಳಿಸಿದವಳು ಹಾಗೇ ನಿಂತುಬಿಟ್ಟಳು. ನನ್ನೊಳಗಿಂದ ಒಬ್ಬ ಗಂಡಸು ಇನ್ನೊಂದು ಬೋಟಿನವನಿಗೆ, “ಉಪ್ಪು ಖಾಲಿ ಆಗಿದೆ ಮಾರಾಯ, ಹತ್ರ ಬಂದಾಗ ಒಂದು ಮುಷ್ಟಿ ಎಸಿ” ಎನ್ನುತ್ತಿದ್ದ.

“ಮಾಸ್ತರೇ, ಇದು ನಮ್ಮ ಬೀರಣ್ಣ” ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬೀರಪ್ಪ ಅವಳ ಒಬ್ಬನೇ ಅಣ್ಣ. ಪಕ್ಕದ ಬಂದರಿನ ‘ಮಹಾಸತಿ’ ಎಂಬ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವವನು. ಅವರ ತಾಯಿ ತೀರಿಕೊಂಡಾಗ ಅವನು ಆಳಸಮುದ್ರದಲ್ಲಿದ್ದ. ಅಷ್ಟು ದೂರಕ್ಕೆ ಫೋನು ಮುಟ್ಟುವುದಿಲ್ಲ. ಹೆಣ ಇಡುವ ಹಾಗಿಲ್ಲವೆಂದು ಹಿರಿಯರು ಸುಟ್ಟರು. ಅವನು ಮರಳಿದಾಗ ಇದ್ದದ್ದು ಬೂದಿ. “ನನಗೊಂದು ಮಾತು ಹೇಳೂಕೆ ಆಗ್ಲಿಲ್ವಾ ನಿಂಗೆ?” ಎಂದು ಕೇಳಿ, ಅಂಗಳದಿಂದಲೇ ತಿರುಗಿ ಹೋದ. ಗೌರಿಹಬ್ಬಕ್ಕೆ ತಂಗಿಗೆ ಬಾಗಿನ ತರುವುದನ್ನೂ ಬಿಟ್ಟ. ಅವಳ ಫೋನು ಬಂದರೆ ಎತ್ತದೆ ಕತ್ತರಿಸುತ್ತಿದ್ದ. ಅವಳಾದರೂ ಬಿಡದೆ ಮಾಡುತ್ತಲೇ ಇದ್ದಳು.

ಅಂದಿನಿಂದ ಶೇವಂತಿ ನಮ್ಮ ಮನೆಗೆ ಮೊದಲು ಬರತೊಡಗಿದಳು. ಅಣ್ಣ ಕೆಮ್ಮಿದರೆ “ಕಷಾಯ ಕುಡಿಯೂದಿಲ್ಲ, ಹಟಮಾರಿ” ಎಂದು ನನ್ನನ್ನೇ ಬೈಯುತ್ತಿದ್ದಳು. ಕೊನೆಗೊಂದು ದಿನ ಕೇಳಿಯೇ ಬಿಟ್ಟಳು.

“ಇದರಲ್ಲಿ ನಾ ಹೇಳಿದ್ದು ಅವನಿಗೆ ಕೇಳೂದಿಲ್ವಾ?”

“ಇಲ್ಲ. ಅಲ್ಲಿ ಮಾತಾಡೂಕೆ ಇದಕ್ಕೂ ಬಿಟ್ಟಿಲ್ಲ, ನನಗೂ ಬಿಟ್ಟಿಲ್ಲ. ತಪ್ಪಾಗ್ತದೆ ಶೇವಂತಿ.”

“ಫೋನ್ ಆದ್ರೆ ಕಟ್ ಮಾಡ್ತಾನೆ ಮಾಸ್ತರೇ. ಇದನ್ನ ಕಟ್ ಮಾಡೂಕೆ ಬರೂದಿಲ್ಲ ಅಲ್ದಾ? ಬೇರೆ ಬೋಟಿನವರ ಮಾತು ಬೇಕಲ್ಲ ಅವನಿಗೆ. ನನ್ನದೂ ಕಿವಿಗೆ ಬಿದ್ದೇ ಬೀಳ್ತದೆ.”

ಮಾಸ್ತರರು ಹಲವು ದಿನ ಒದ್ದಾಡಿದರು. ಒಂದು ಮಧ್ಯಾಹ್ನ, ನಿಯಮಕ್ಕಿಂತ ಆ ಹೆಣ್ಣಿನ ಮುಖ ದೊಡ್ಡದಾಗಿ ಕಂಡಿರಬೇಕು, ನನ್ನ ಬೆನ್ನಿನ ಮುಚ್ಚಳ ತೆಗೆದರು. ಭೂತಗನ್ನಡಿ ಹಿಡಿದು, ಬೆಸುಗೆಯ ಕಡ್ಡಿಯಿಂದ ಸಾಸಿವೆಗಿಂತ ಚಿಕ್ಕದೊಂದು ಬಿಡಿಭಾಗವನ್ನು ಕಿತ್ತರು. ಹೊಲಿಗೆ ಬಿಚ್ಚಿತು. ಎಲ್ಲಿ ಬೇಕಾದರೂ ಮಾತಾಡುವ ಬಾಯಿ ನನಗೆ ಬಂತು. ಎಷ್ಟು ಹಿಗ್ಗಿದೆನೆಂದು ಹೇಗೆ ಹೇಳಲಿ!

ಆಮೇಲೆ ನನ್ನನ್ನು ಕಂಪ್ಯೂಟರಿಗೆ ಜೋಡಿಸಿದರು. ಗುಡ್ಡದ ಯಂತ್ರಕ್ಕೆಂದು ಹೊಂದಿಸಿದ್ದ ಜಾಗದಲ್ಲೇ ಹಳೆಯ ತರಂಗದ ಅಂಕಿ ಅಳಿಸಿ ದೋಣಿಯವರ ಅಂಕಿ ತುಂಬಿದರು. ಅಂಕಿ ಸರಿಯಾಗಿತ್ತು. ಮೆಟ್ಟಿಲು ಮಾತ್ರ ಹಾಗೇ ಉಳಿದುಹೋಯಿತು. ಅಣ್ಣನ ಮಾತು ಸರಿಯಾದ ತರಂಗದಲ್ಲಿ ಕೇಳುವ ನಾನು, ಗುಂಡಿ ಒತ್ತಿದರೆ ಅಭ್ಯಾಸದಂತೆ ಒಂದು ಮೆಟ್ಟಿಲು ಇಳಿದು, ಯಾರೂ ಇಲ್ಲದ ಕಡೆ ಮಾತಾಡುವೆ. ಒಮ್ಮೆ ದೋಣಿಯವರನ್ನು ಕರೆದು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಮಾಸ್ತರರು ಕರೆಯಲಿಲ್ಲ. “ನನ್ನ ಬಾಯಿಂದ ಅಲ್ಲಿ ಒಂದಕ್ಷರ ಹೊರಡೂದು ಬೇಡ” ಎಂದು ನನ್ನನ್ನು ಹಾಗೇ ಅವಳ ಕೈಗಿಟ್ಟರು.

ಸಂಜೆ ಶೇವಂತಿ ಬಂದರಿನ ಮೇಲಿನ ಗುಡ್ಡ ಹತ್ತಿದಳು. ಹೊಸ ಸೀರೆ ಉಟ್ಟಿದ್ದಳು. ಒತ್ತಿದಳು, ಕೆಂಪು ದೀಪ ಹತ್ತಿತು.

“ಅಣ್ಣಾ. ನಾನು.”

ಬೆರಳು ಬಿಟ್ಟು ಕಾದಳು. ಬೀರಪ್ಪ ಯಾರ ಜೊತೆಗೋ ಡೀಸೆಲ್ ವಿಚಾರ ಮಾತಾಡುತ್ತಿದ್ದ, ಮಾತಾಡುತ್ತಲೇ ಇದ್ದ. ಪ್ರತಿ ಸಲ ಒತ್ತಿದಾಗಲೂ ನನ್ನ ಮುಖದ ಮೇಲಿನ ಅಂಕಿ ಬದಲಾಗುತ್ತಿತ್ತು. ನೋಡು ತಾಯಿ, ಇಲ್ಲಿ ನೋಡು ಎಂದು ನಾನು ಬೇಡಿಕೊಂಡೆ. ಅವಳ ಕಣ್ಣು ಸಮುದ್ರದ ಮೇಲಿತ್ತು. ನಾನು ಮಾತು ಹೊರುವ ಯಂತ್ರ. ನನ್ನದೆಂದು ಒಂದು ಮಾತೂ ನನಗಿಲ್ಲ.

ದಿನವೂ ನನ್ನನ್ನು ಹಿಡಿದು ಗುಡ್ಡ ಹತ್ತಿದಳು. ಫೋನು ಮಾಡುವುದನ್ನು ನಿಲ್ಲಿಸಿದಳು. ಇದು ಇರುವಾಗ ಅದೇಕೆ? “ನೀ ಉತ್ತರ ಕೊಡ್ಬೇಡ. ಸಿಟ್ಟು ಇರ್ಲಿ. ಕೇಳಿದ್ರೆ ಸಾಕು” ಎಂದಳು. ಒಂದು ಸಂಜೆ ತಾಯಿಯ ಕೊನೆಯ ದಿನದ ಕಥೆಯನ್ನೆಲ್ಲ ಹೇಳಿದಳು. “ಒಂದು ದಿನ ಇಡಿ, ಅಣ್ಣ ಬರ್ಲಿ ಅಂತ ಎಲ್ಲರ ಕಾಲು ಹಿಡಿದೆ. ಯಾರೂ ಕೇಳ್ಲಿಲ್ಲ. ನಿನ್ನ ಹಳೇ ನೀಲಿ ಅಂಗಿ ಇತ್ತಲ್ಲ ಗೂಟದಲ್ಲಿ, ಅದನ್ನ ಆಯಿಯ ಎದೆ ಮೇಲೆ ಹೊದಿಸಿ ಕಳಿಸಿದೆ. ನೀ ಜೊತೆಗೆ ಹೋದ ಹಾಗೇ ಆಯ್ತು ಅಣ್ಣಾ.” ಅಷ್ಟು ಹೊತ್ತೂ ಅತ್ತ ಕಡೆ ಸದ್ದಿರಲಿಲ್ಲ. ಬಲೆ ಎಳೆಯುತ್ತಿದ್ದರೋ ಏನೋ. ಅವಳು ಮಾತ್ರ, “ಸುಮ್ನೆ ಕೇಳ್ತಾ ಇದ್ದಾನೆ” ಎಂದು ನನ್ನನ್ನು ಎದೆಗೆ ಒತ್ತಿಕೊಂಡಳು. ನನಗೆ ಒಡೆದುಹೋಗಬೇಕೆನ್ನಿಸಿತು.

ಮಳೆಗಾಲದಲ್ಲಿ ಬೋಟುಗಳು ದಡ ಸೇರಿದವು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮತ್ತೆ ಇಳಿದವು. ಅಂದೇ ಅವಳು ಗುಡ್ಡ ಹತ್ತಿ ಕರೆದಳು. “ಈ ಸಲ ಗೌರಿಗೆ ಬಾ. ಬಾಗಿನ ಬೇಡ. ನೀ ಬಂದು ಒಂದು ತುತ್ತು ಉಂಡು ಹೋಗು.”

ಹಬ್ಬದ ದಿನ ಎರಡು ಎಲೆ ಹಾಕಿ, ಹೊಸ್ತಿಲಲ್ಲಿ ಕೂತಳು. ಸಂಜೆ ಒಂದು ಎಲೆಯನ್ನು ದನಕ್ಕೆ ಹಾಕಿದಳು. ಅಂದು ಗುಡ್ಡ ಹತ್ತಲಿಲ್ಲ. ಮಾಸ್ತರರು ಕೇಳಿದ್ದಕ್ಕೆ, “ಎಲ್ಲ ಕೇಳ್ಸಿಕೊಂಡೂ ಬರ್ಲಿಲ್ಲ ಅಂದ್ರೆ ಇನ್ನೆಂತ ಉಳೀತು?” ಎಂದಳು. ನನ್ನನ್ನು ಒಂದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಚಳಿಗಾಲದಲ್ಲಿ, ಮೀನು ಒಣಗಿಸುತ್ತಿದ್ದವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದಳಂತೆ. ಮತ್ತೆ ಏಳಲಿಲ್ಲ.

ಬೀರಪ್ಪ ಬಂದ. ಅಂದು ಬೋಟು ದಡದಲ್ಲಿತ್ತು, ಫೋನು ಮುಟ್ಟಿತು. ಎಲ್ಲ ಮುಗಿದ ಮೇಲೆ ಮಾಸ್ತರರು ಅವನ ಪಕ್ಕ ಕೂತು, “ದಿನಾ ಕರೀತಿದ್ದಳಲ್ಲ ಮಾರಾಯ. ಒಂದು ಹ್ಞೂ ಅನ್ನಬಾರದಿತ್ತಾ?” ಎಂದರು.

“ಎಲ್ಲಿ ಕರೀತಿದ್ಲು? ಮೊದಲು ಫೋನ್ ಮಾಡ್ತಿದ್ಲು, ನಾ ಕಟ್ ಮಾಡ್ತಿದ್ದೆ. ಆಮೇಲೆ ಫೋನ್ ಬರೂದೇ ನಿಂತೋಯ್ತು. ಇನ್ನೊಂದು ಸಲ ಬಂದ್ರೆ ಎತ್ತೂದು ಅಂತ ಕಾಯ್ತಿದ್ದೆ ನಾನು.”

ಮಾಸ್ತರರು ಎದ್ದು ಒಳಗೆ ಹೋಗಿ ನನ್ನನ್ನು ಹುಡುಕಿ ತಂದರು. ಬ್ಯಾಟರಿಯಲ್ಲಿ ಉಳಿದಿದ್ದ ಉಸಿರಿನಲ್ಲೇ ಗುಂಡಿ ಒತ್ತಿದರು. ಈ ಸಲ ಒಬ್ಬರು ನನ್ನ ಮುಖ ನೋಡಿದರು. ಅಂಕಿ ಬದಲಾಯಿತು. ಬಿಟ್ಟು ಇನ್ನೊಮ್ಮೆ ಒತ್ತಿದರು, ಮತ್ತೆ ಅದೇ ಮೆಟ್ಟಿಲು.

“ತಪ್ಪು ನನ್ನದು ಬೀರಪ್ಪ. ಇದರಲ್ಲಿ ಆಡಿದ ಅವಳ ಮಾತು ನಿನ್ನ ಹತ್ರ ಬರ್ಲೇ ಇಲ್ಲ.”

ಅವನು ಬೈಯಲಿಲ್ಲ. “ಎಂತ ಹೇಳ್ತಿದ್ಲು?” ಎಂದ. ಮಾಸ್ತರರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

“ಇದರೊಳಗೆ ಅವಳು ಮಾತಾಡಿದ ಜಾಗ ಯಾವುದು, ಅಲ್ಲಿದ್ದು ಕೇಳೂ ಹಾಗೆ ಮಾಡಿಕೊಡಿ” ಎಂದ.

ಹಾಗಾಗಿ ಈಗ ನಾನು, ಆ ಕೆಳಗಿನ ಮೆಟ್ಟಿಲಿಗೇ ಕಿವಿಗೊಟ್ಟು, ‘ಮಹಾಸತಿ’ಯ ಕ್ಯಾಬಿನ್ನಿನಲ್ಲಿದ್ದೇನೆ. ಆಂಟೆನಾಕ್ಕೆ ಟೇಪು ಸುತ್ತಿದೆ, ಬ್ಯಾಟರಿ ಊದಿಕೊಂಡಿದೆ, ಉಪ್ಪುಗಾಳಿಗೆ ಗುಂಡಿಗಳ ಅಕ್ಷರ ಅಳಿಸಿಹೋಗಿದೆ. ಸಂಜೆ ಬೀರಪ್ಪ ಬೋಟು ತಿರುಗಿಸುವ ಸುಕ್ಕಾನು ಬೇರೆಯವನ ಕೈಗೆ ಕೊಟ್ಟು ನನ್ನನ್ನು ಕಿವಿಗೆ ಹಿಡಿದು ಕೂರುತ್ತಾನೆ. ಬೋಟಿನವರೆಲ್ಲ ಆಗ ಮಾತು ತಗ್ಗಿಸುತ್ತಾರೆ. “ಹೇಳು ಶೇವಂತಿ, ಕೇಳ್ತಾ ಇದ್ದೇನೆ” ಎನ್ನುತ್ತಾನೆ.

ಆ ಅಂಗಿಯ ಮಾತು ಅವನಿಗೆ ಬೇಕು. ಇಡೀ ಲೋಕದಲ್ಲಿ ಅದನ್ನು ಕೇಳಿದವನು ನಾನೊಬ್ಬನೇ. ನನ್ನಿಂದ ಬರುವುದು ಸುಯ್ ಎಂಬ ಸದ್ದು ಮಾತ್ರ. ಅವನು ಅದನ್ನೇ ಕೇಳುತ್ತಾ ಕೂರುತ್ತಾನೆ.