ದೋರಿನ್ ಸತ್ತ ವರ್ಷದ ಹೂಗಳು

ಹಸುಗಳ ಕೊಂಬಿಗೆ ಹೂ ಕಟ್ಟಬೇಕೋ ಬೇಡವೋ ಎಂದು ಪ್ರಾದೆಲ್ ಕಣಿವೆಯಲ್ಲಿ ಯಾರೂ ಕುಳಿತು ಚರ್ಚಿಸಿದ್ದಿಲ್ಲ. ಬೇಸಿಗೆಯಿಡೀ ಬೆಟ್ಟದ ಮೇಲೆ ಮೇಯ್ದ ಹಿಂಡು ಸೆಪ್ಟೆಂಬರಿನಲ್ಲಿ ಊರಿಗಿಳಿಯುವಾಗ, ಮೇಲೆ ಸಾವು ಆಗಿರದಿದ್ದರೆ ಹೂವಿನ ಕಿರೀಟ. ಆಗಿದ್ದರೆ ಬೋಳು ಕೊಂಬು, ಗಂಟೆಯ ಬಾಯಿಗೆ ಹುಲ್ಲು, ಚೌಕ ಬಿಟ್ಟು ಹೊಳೆಯಂಚಿನ ದಾರಿ. ಈಗಿನ ಹಿಂಡಿನ ಒಡೆಯ ತುಲ್ಲಿಯೊನ ಅಪ್ಪ, ಒಂದು ಕಡಸು ಸಿಡಿಲಿಗೆ ಸತ್ತ ವರ್ಷವೂ ಹಾಗೇ ಇಳಿದಿದ್ದ.

ಈ ವರ್ಷ ಆಗಸ್ಟಿನಲ್ಲಿ ದೋರಿನ್ ಸತ್ತಿದ್ದ. ರುಮೇನಿಯಾದಿಂದ ಬಂದು ನಾಲ್ಕು ಬೇಸಿಗೆ ತುಲ್ಲಿಯೊನ ದನ ಕಾಯ್ದವನು; ವಯಸ್ಸು ಇಪ್ಪತ್ತಾರು. ಮಂಜು ಮುಸುಕಿದ ಬೆಳಿಗ್ಗೆ, ತಪ್ಪಿಸಿಕೊಂಡ ಎರಡು ಕಡಸುಗಳನ್ನು ಹುಡುಕಿಕೊಂಡು ಹೋಗಿ ಬಂಡೆಯಿಂದ ಬಿದ್ದ. ಕಡಸುಗಳು ಮಧ್ಯಾಹ್ನಕ್ಕೆ ತಾವಾಗಿಯೇ ಮರಳಿ ಬಂದವು.

"ಅವನು ಕೂಲಿಯವನು, ಮನೆಯವನಲ್ಲ," ಎಂದಿದ್ದ ತುಲ್ಲಿಯೊ. "ಮೂರು ಬಸ್ ತುಂಬ ಜನ ಬರ್ತಾರೆ ನೋಡೋಕೆ. ಬೋಳು ದನ ತೋರಿಸ್ಲಾ?"

ಅವನ ಹೆಂಡತಿ ಇರ್ಮಾ ಎದುರಾಡಲಿಲ್ಲ. ಆ ಮಂಜಿನಲ್ಲಿ ದೋರಿನ್‌ನನ್ನು ಕಳಿಸಿದ್ದು ತುಲ್ಲಿಯೊ ಎಂಬುದು ಅವಳಿಗೆ ಗೊತ್ತಿತ್ತು. ಬೋಳು ಕೊಂಬು ಕಂಡರೆ ಊರು ಅದನ್ನೇ ಕೇಳುತ್ತದೆ ಎಂಬ ಭಯ ಗಂಡನಿಗಿದೆ ಎಂಬುದೂ ಗೊತ್ತಿತ್ತು. ಮೂರು ವಾರ ಸೂಜಿಯೆಲೆಯ ಫರ್ ಮರದ ರೆಂಬೆ ಬಗ್ಗಿಸಿ, ತಂತಿ ಸುತ್ತಿ, ಕಾಗದದ ಹೂ ಕಟ್ಟಿದಳು. ಕೈ ಒಮ್ಮೆಯೂ ತಡವರಿಸಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು.

ಇಳಿಯುವ ದಿನ ಬೆಳಿಗ್ಗೆ ನೆರೆಯ ಬೇಪಿ ಅಜ್ಜ ಕೋಲೂರಿಕೊಂಡು ಬೆಟ್ಟದ ಕೊಟ್ಟಿಗೆಗೆ ಬಂದ. ಪ್ರತಿವರ್ಷ ಹಿಂಡಿನ ಜೊತೆ ಇಳಿಯುವವನು. ಕಿರೀಟ ಹೊತ್ತ ಮುಂದಾಳು ಹಸುವನ್ನು ನೋಡುತ್ತ ನಿಂತ.

"ಏನಪ್ಪಾ ತುಲ್ಲಿಯೊ, ಈ ವರ್ಷ ಎಲ್ಲಾ ಕ್ಷೇಮವೋ?"

"ನಲವತ್ತೊಂದು ಹತ್ತಿದ್ವು, ನಲವತ್ತೊಂದೂ ಇಳೀತಿವೆ ಅಜ್ಜ."

"ದನ ಎಣಿಸೋದು ಚೆನ್ನಾಗಿ ಕಲ್ತಿದ್ದೀಯ. ನಿಮ್ಮಪ್ಪಂಗೆ ಅಷ್ಟು ಬರ್ತಿರ್ಲಿಲ್ಲ," ಎಂದ ಅಜ್ಜ ಬಂದ ದಾರಿಯಲ್ಲೇ ಒಬ್ಬನೇ ಇಳಿದು ಹೋದ.

ಅವನು ಮರೆಯಾಗುವ ಮೊದಲೇ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಮೇಲೆ ಬಂದಳು. ದೋರಿನ್‌ನ ಅಕ್ಕ ವಿಯೋರಿಕಾ. ಪಾದೋವಾ ನಗರದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಅವಳದು. ತಮ್ಮನ ಚೀಲ ಒಯ್ಯಲು ಮುಂದಿನ ವಾರ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದಳು. ರಜೆ ಸಿಕ್ಕಿದ್ದು ಇವತ್ತಂತೆ.

ಇರ್ಮಾ ಚೀಲ ತಂದುಕೊಟ್ಟಳು. ವಿಯೋರಿಕಾ ಅದರ ಕಡೆ ನೋಡಲೇ ಇಲ್ಲ. ಸಾಲಾಗಿ ನಿಂತ ಹಸುಗಳನ್ನು, ಫರ್ ರೆಂಬೆಗಳನ್ನು, ಬಿಳಿ ಕೆಂಪು ಹೂಗಳನ್ನು ನೋಡುತ್ತಿದ್ದಳು. ಒಂದು ಹೂವನ್ನು ಮೆಲ್ಲಗೆ ಮುಟ್ಟಿದಳು.

"ನಿಮಗೆ ಯಾರು ಹೇಳಿದ್ರು ಸಿನ್ಯೋರಾ? ಅವನೇ ಯಾವಾಗ್ಲಾದ್ರೂ ಹೇಳಿದ್ನಾ?"

"ಏನನ್ನ?"

"ನಮ್ಮೂರಲ್ಲಿ ಮದುವೆ ಆಗದೆ ಸತ್ತವರಿಗೆ ಹೀಗೇ ಮಾಡೋದು. ಫರ್ ಮರ ಕಡಿದು ತಂದು, ಹೂ ಕಟ್ಟಿ, ಮದುವೆ ಥರಾನೇ ಮೆರವಣಿಗೆಲಿ ಕಳಿಸ್ತೀವಿ. ಅವನಿಗೆ ಅದೊಂದು ಆಗ್ಲಿಲ್ಲ. ಶವದ ಪೆಟ್ಟಿಗೆ ಮೊಳೆ ಹೊಡೆದೇ ಊರಿಗೆ ಬಂತು, ಮಳೆ ಬೇರೆ, ಪಾದ್ರಿಗೆ ಅವಸರ. ಅಮ್ಮ ಈಗಲೂ ಅದನ್ನೇ ಹೇಳ್ಕೊಂಡು ಅಳ್ತಾಳೆ. ನೀವಿಲ್ಲಿ ಮಾಡಿದ್ದೀರಿ." ಅವಳು ಇರ್ಮಾಳ ಎರಡೂ ಕೈ ಹಿಡಿದು ಮುತ್ತಿಟ್ಟಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ತಂತಿ ಗೀರಿದ ಬೆರಳುಗಳು ಉರಿದವು. ತುಲ್ಲಿಯೊ ದೂರದಿಂದಲೇ ಸುಮ್ಮನಿರು ಎಂದು ಸನ್ನೆ ಮಾಡಿದ. ಸುಮ್ಮನಿರುವುದು ಸುಲಭವಾಗಿತ್ತು. ಪುಣ್ಯದ ಕೆಲಸವೂ ಆಗುತ್ತಿತ್ತೇನೋ. ದೂರದ ಒಬ್ಬ ತಾಯಿಗೆ ಸಮಾಧಾನ ಸಿಗುತ್ತಿತ್ತು. ಯಾವುದು ಸರಿಯೆಂದು ಇರ್ಮಾಳಿಗೆ ತಿಳಿಯಲಿಲ್ಲ. ಆದರೆ ಇನ್ನು ಸ್ವಲ್ಪ ಹೊತ್ತಿಗೆ ಈ ಹೆಂಗಸು ಚೌಕದಲ್ಲಿ ಪ್ರತಿಯೊಬ್ಬರಿಗೂ ಕೃತಜ್ಞತೆಯಿಂದ ತಲೆಬಾಗುತ್ತ ನಡೆಯುತ್ತಾಳೆ. ಹೂವಿನ ಅರ್ಥ ಊರಿಗೆಲ್ಲ ಗೊತ್ತಿರುತ್ತದೆ, ಇವಳೊಬ್ಬಳನ್ನು ಬಿಟ್ಟು.

"ಇದು ಅವನಿಗಲ್ಲಮ್ಮ," ಎಂದಳು. "ನಮ್ಮಲ್ಲಿ ಬೆಟ್ಟದ ಮೇಲೆ ಯಾರೂ ಸಾಯದಿದ್ರೆ ಹೂ ಕಟ್ಟೋದು. ಸತ್ತಿದ್ರೆ ಕಟ್ಟಲ್ಲ."

ವಿಯೋರಿಕಾ ಹಿಡಿದ ಕೈಗಳನ್ನು ಬಿಡಲು ಮರೆತವಳಂತೆ ನಿಂತಳು.

"ಯಾರೂ ಸತ್ತಿಲ್ಲ ಅಂತಾನಾ ಇದು?"

"ಹೌದು."

"ಕೆಳಗಿನವರಿಗೆಲ್ಲ ಗೊತ್ತಾ?"

"ಊರಿನವರಿಗೆ ಗೊತ್ತು. ಬಸ್ಸಲ್ಲಿ ಬಂದವರಿಗೆ ಗೊತ್ತಿಲ್ಲ. ತೆಗೀತೀನಿ, ಈಗಲೇ ತೆಗೀತೀನಿ." ಇರ್ಮಾ ಮುಂದಾಳು ಹಸುವಿನ ಕಿರೀಟಕ್ಕೆ ಕೈ ಹಾಕಿದಳು.

"ಬಿಡಿ. ಇರ್ಲಿ." ವಿಯೋರಿಕಾ ಚೀಲವನ್ನು ಹೆಗಲಿಗೇರಿಸಿದಳು. "ನಾನು ಮುಂದೆ ನಡೀತೀನಿ."

ತುಲ್ಲಿಯೊ ಓಡಿ ಬಂದ. "ಹಿಂದೆ ಬಾಮ್ಮ, ಹಿಂದೆ. ಹೊಸಬರನ್ನ ಕಂಡ್ರೆ ದನ ಬೆದರ್ತವೆ."

"ಅವನ ಚೀಲ ಇದೆಯಲ್ಲ ನನ್ನ ಹತ್ರ. ಬೆದರಲ್ಲ."

ದನ ಬೆದರಲಿಲ್ಲ. ಎರಡು ಗಂಟೆಯ ಇಳಿಜಾರು ದಾರಿಯುದ್ದಕ್ಕೂ ಅವಳ ಹಿಂದೆಯೇ ನಡೆದವು.

ಚೌಕದಲ್ಲಿ ಚಪ್ಪಾಳೆ ಎದ್ದಿತು. ಊರಿನವರೂ ತಟ್ಟಲು ಕೈಯೆತ್ತಿದ್ದರು. ಅಷ್ಟರಲ್ಲಿ, ಹೂವಿನ ಹಸುವಿಗಿಂತ ಹತ್ತು ಹೆಜ್ಜೆ ಮುಂದೆ ಕಪ್ಪು ಬಟ್ಟೆಯ ಹೆಂಗಸು ಕಂಡಳು; ಅವಳ ಹೆಗಲಲ್ಲಿ, ನಾಲ್ಕು ವರ್ಷ ಎಲ್ಲರೂ ನೋಡಿದ್ದ ಹಸಿರು ಚೀಲ. ಎತ್ತಿದ ಕೈಗಳು ಇಳಿದವು. ಬ್ರೆಡ್ ಅಂಗಡಿಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸಿನವರು ಮಾತ್ರ ತಟ್ಟುತ್ತಲೇ ಇದ್ದರು.

"ಸ್ವಲ್ಪ ಪಕ್ಕಕ್ಕೆ ಸರೀರಮ್ಮ, ಫೋಟೊಗೆ ಅಡ್ಡ ಬರ್ತೀರಿ," ಎಂದ ಒಬ್ಬ.

ವಿಯೋರಿಕಾ ಸರಿಯಲಿಲ್ಲ, ಯಾರಿಗೂ ತಲೆಬಾಗಲಿಲ್ಲ. ಚೌಕ ದಾಟಿ ನೇರ ಬಸ್ ನಿಲ್ದಾಣಕ್ಕೆ ನಡೆದು ಹೋದಳು.

ಸಂಜೆ ಕೊಟ್ಟಿಗೆಯಲ್ಲಿ ಗಂಡ ಹೆಂಡತಿ ಕಿರೀಟಗಳನ್ನು ಬಿಚ್ಚುತ್ತಿದ್ದರು. ಊರವರೆಲ್ಲ ಸೇರುವ ಮೆಕ್ಕೆಜೋಳದ ಪೊಲೆಂಟಾ ಊಟದಲ್ಲಿ ಅವರ ಮೇಜಿಗೆ ಯಾರೂ ಬಂದು ಕೂತಿರಲಿಲ್ಲ.

"ನೀನು ಹೇಳದಿದ್ರೆ ಸಮಾಧಾನವಾಗಿ ಹೋಗ್ತಿದ್ಲು," ಎಂದ ತುಲ್ಲಿಯೊ.

"ಹೌದು."

"ಮತ್ಯಾಕೆ ಹೇಳ್ದೆ?"

"ನನ್ನ ಕೈಗೆ ಮುತ್ತಿಟ್ಟಳು."

ಅವನು ಇನ್ನೊಂದು ಕಿರೀಟದ ತಂತಿ ಬಿಚ್ಚಿದ. ಆಮೇಲೆ, "ಬರೋ ವರ್ಷ ನನ್ನ ಜೊತೆ ಬೆಟ್ಟಕ್ಕೆ ಯಾರು ಹತ್ತುತ್ತಾರೆ ಹೇಳು," ಎಂದ.

ಇರ್ಮಾ ಮುಂದಿನ ಹಸುವಿನ ಹತ್ತಿರ ಹೋಗಿ ಕೊಂಬು ಹಿಡಿದಳು.