ಕ್ಯಾಮೆರಾಗೆ ಸಿಕ್ಕ ಬೀರಪ್ಪ

ಬುಕ್ಕಾಂಬುಧಿ ಕಡೆಯ ಗುಡ್ಡದ ಟವರಿನ ಬಾಗಿಲು ತೆರೆದಿದೆ ಎಂಬ ಮೆಸೇಜು ದಾನಿಶನ ಮೊಬೈಲಿಗೆ ಬಂದಾಗ ಮಧ್ಯಾಹ್ನ ಎರಡೂಕಾಲು. ಶಿವನಿ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅವನು ಆಗಷ್ಟೇ ಊಟಕ್ಕೆ ಕೂತಿದ್ದ. ಮೆಸೇಜು ಕಳಿಸಿದ್ದು ಮನುಷ್ಯರಲ್ಲ, ಬಾಗಿಲಿಗೆ ಕೂರಿಸಿದ್ದ ಬೆರಳುದ್ದದ ಸೆನ್ಸರು. ಅದನ್ನು ಅಲ್ಲಿ ಕೂರಿಸಿದವನೂ ದಾನಿಶನೇ.

ತರೀಕೆರೆಯ ದಾನಿಶ್ ಟವರ್ ಕಂಪನಿಗೆ ಟೆಕ್ನಿಶಿಯನ್ ಆಗಿ ಸೇರಿ ಆರು ವರ್ಷವಾಗಿತ್ತು. ಮೊದಮೊದಲು ಸಿಗ್ನಲ್ ಹೋದರೆ ಊರಿನವರು ಫೋನ್ ಮಾಡಿ ಬೈಯುತ್ತಿದ್ದರು. ಈಗ ಆ ಟವರನ್ನು ನೆಚ್ಚಿಕೊಂಡ ಸಿಮ್ಮುಗಳಲ್ಲಿ ಅರ್ಧಕ್ಕರ್ಧ ಮನುಷ್ಯರ ಜೇಬಿನಲ್ಲೇ ಇರಲಿಲ್ಲ. ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲಿ, ಕರೆಂಟ್ ಮೀಟರಿನಲ್ಲಿ, ಡೇರಿಯ ಹಾಲಿನ ಟ್ಯಾಂಕಿನಲ್ಲಿ, ಸ್ಕೂಲ್ ಬಸ್ಸಿನಲ್ಲಿ ಇದ್ದವು. ಬಾಯಿಲ್ಲದ ಈ ಗಿರಾಕಿಗಳಿಗಾಗಿ ಟವರು ಒಂದು ನಿಮಿಷವೂ ನಿಲ್ಲುವಂತಿಲ್ಲ ಎಂದು ಕಂಪನಿ ಹೊಸ ಲಿಥಿಯಂ ಬ್ಯಾಟರಿ ತಂದು ಹಾಕಿತು. ಬ್ಯಾಟರಿಗೊಂದು ಸಿಮ್ಮು, ಬಾಗಿಲಿಗೊಂದು, ಕ್ಯಾಮೆರಾಗೊಂದು. ಇಷ್ಟೆಲ್ಲ ಕಾವಲು ಕಾಯುವಾಗ ಕಾವಲುಗಾರ ಯಾಕೆ ಎಂದು, ಹನ್ನೊಂದು ವರ್ಷ ಅಲ್ಲೇ ಇದ್ದ ಬೀರಪ್ಪನನ್ನು ಬಿಡಿಸಿತು.

ಬೀಗದ ಕೈ ಇಸಿದುಕೊಳ್ಳಲು ಹೋದವನು ದಾನಿಶ್. ಬೀರಪ್ಪ ಕೂಗಾಡಲಿಲ್ಲ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, “ಪೆಟ್ಟಿಗೆ ಕೂಗ್ತದೆ, ಸರಿ ಕಣಪ್ಪ. ಕೂಗಿದ್ಮೇಲೆ ಬರೋರು ಯಾರು?” ಎಂದಷ್ಟೇ ಕೇಳಿದ್ದ.

“ನಾನೇ ಬತ್ತೀನಿ ಬೀರಪ್ಪಣ್ಣ,” ಎಂದಿದ್ದ ದಾನಿಶ್. ಹೇಳುವಾಗಲೇ ನಾಚಿಕೆಯಾಗಿತ್ತು.

ಊಟದ ತಟ್ಟೆ ಸರಿಸುವಷ್ಟರಲ್ಲಿ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಬಾಗಿಲು ತೆರೆದ ಮೇಲೆ ಬ್ಯಾಟರಿ, ಕ್ಯಾಮೆರಾ ಯಾವುದರಿಂದಲೂ ಸುದ್ದಿಯಿಲ್ಲ, ತಕ್ಷಣ ಹೋಗಿ ನೋಡಿ ಎಂದರು.

“ಪೊಲೀಸರಿಗೆ ಹೇಳಿದ್ದೀರಾ?”

“ಮೊದ್ಲು ನೀವು ಹೋಗಿ ಕನ್ಫರ್ಮ್ ಮಾಡಿ. ಸುಮ್ಮನೆ ಅಲಾರಂ ಆಗಿದ್ರೆ ಅವರ ಹತ್ರ ಯಾಕೆ ಬೈಸಿಕೊಳ್ಳೋದು?”

ಬೈಕು ಗುಡ್ಡ ಹತ್ತುತ್ತಿದ್ದಂತೆ ಬೇಲಿಯ ಪಕ್ಕ ನಿಂತಿದ್ದ ಪಿಕಪ್ ವ್ಯಾನು ಕಂಡಿತು. ಇಬ್ಬರು ಬ್ಯಾಟರಿಯೊಂದನ್ನು ಹೊತ್ತು ತರುತ್ತಿದ್ದರು. ಮೂರನೆಯವನ ಕೈಯಲ್ಲಿ ಕಬ್ಬಿಣದ ರಾಡಿತ್ತು. ದಾನಿಶ್ ಬೈಕು ತಿರುಗಿಸಿ ಓಡಿಬಿಡಬಹುದಿತ್ತು. ಓಡಲಿಲ್ಲ, ಫೋನು ತೆಗೆದ. ನೂರೈವತ್ತು ಅಡಿ ಎತ್ತರದ ಟವರಿನ ಬುಡದಲ್ಲಿ ನಿಂತವನ ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇರಲಿಲ್ಲ. ಇವರು ಸಿಗ್ನಲ್ ಕೊಲ್ಲುವ ಜಾಮರ್ ತಂದಿದ್ದಾರೆ ಎಂದು ಹೊಳೆಯುವಷ್ಟರಲ್ಲಿ ರಾಡು ಅವನ ಎಡಗೈ ಮೇಲೆ ಬಿತ್ತು.

ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಫೋನು ಹಾರಿ ಜಲ್ಲಿಯ ಮೇಲೆ ಬಿತ್ತು. ಹೊಟ್ಟೆಗೆ ಒದ್ದರು. ಬಿದ್ದವನ ಕಾಲರ್ ಹಿಡಿದು ಜನರೇಟರಿನ ಹಿಂದಕ್ಕೆ ದರದರ ಎಳೆದೊಯ್ದರು. ಅಲ್ಲಿಗೆ ಕ್ಯಾಮೆರಾದ ಕಣ್ಣು ಬೀಳುವುದಿಲ್ಲ. ಅದು ಗೊತ್ತಿದ್ದವರೇ ಎಳೆದದ್ದು.

“ನಮ್ ಮುಖ ನೋಡ್ಬಿಟ್ಟ ಕಣೋ,” ಎಂದ ಒಬ್ಬ.

“ಹಂಗಾದ್ರೆ ಬಿಡೋ ಹಂಗಿಲ್ಲ.”

ಬೂಟುಗಾಲು ಪಕ್ಕೆಗೆ, ಬೆನ್ನಿಗೆ, ಮತ್ತೆ ಪಕ್ಕೆಗೆ ಬಿತ್ತು. ದಾನಿಶನ ಬಾಯಿ ರಕ್ತದಿಂದ ತುಂಬಿತು. ಕೂಗಬೇಕೆಂದರೆ ಉಸಿರೇ ಇರಲಿಲ್ಲ. ಜೊತೆಯವರಿಬ್ಬರೂ ಬ್ಯಾಟರಿ ಎತ್ತಲು ಹೋದರು. ರಾಡಿನವನು ಉಳಿದ. ಇಪ್ಪತ್ತೈದರ ಹುಡುಗ, ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಎರಡೂ ಕೈಯಲ್ಲಿ ರಾಡನ್ನು ತಲೆಯ ಮೇಲೆತ್ತಿದ. ದಾನಿಶ್ ಕಣ್ಣು ಮುಚ್ಚಿ ತಾಯಿಯನ್ನು ನೆನೆದ.

ಹೊಡೆತ ಬೀಳಲಿಲ್ಲ. ಹಸಿ ಕೊಂಬೆ ಕಡಿದಂಥ ಸದ್ದು ಬಂತು, ಅದರ ಹಿಂದೆಯೇ ಕಿರುಚಾಟ.

ಕಣ್ಣು ಬಿಟ್ಟರೆ ಬೀರಪ್ಪ ನಿಂತಿದ್ದ. ಕೆಲಸ ಹೋದ ಮೇಲೆ ಅವನು ಅದೇ ಗುಡ್ಡದಲ್ಲಿ ಕುರಿ ಮೇಯಿಸಿಕೊಂಡಿದ್ದ. ಸೊಪ್ಪು ಕಡಿಯುವ ಮಚ್ಚು ಕೈಯಲ್ಲಿತ್ತು, ಅದರ ಅಲಗಿನಿಂದ ರಕ್ತ ಇಳಿಯುತ್ತಿತ್ತು. ಹುಡುಗನ ಬಲಗೈ ಮೊಣಕೈ ಹತ್ತಿರ ಅರ್ಧ ಕಡಿದು ಜೋತಾಡುತ್ತಿತ್ತು. ಅವನು ತಿರುಗಿ, ತೂರಾಡಿಕೊಂಡು ಬಾಗಿಲಿನ ಕಡೆ ಓಡಿ, ಅಲ್ಲೇ ಮಂಡಿಯೂರಿ ಕುಸಿದ. ಬೀರಪ್ಪ ಹಿಂದೆಯೇ ಹೋಗಿ ಮಚ್ಚನ್ನು ಮತ್ತೆ ಎತ್ತಿದ. ಹನ್ನೊಂದು ವರ್ಷ ಕಾದ ಬಾಗಿಲು ಮುರಿದುಬಿದ್ದಿದ್ದನ್ನು ನೋಡಿದನೋ, ರಕ್ತ ನೋಡಿ ತಲೆ ಕೆಟ್ಟಿತ್ತೋ, ಅವನ ಮುಖ ಗುರುತೇ ಸಿಗದಂತಾಗಿತ್ತು.

“ಬ್ಯಾಡ ಬೀರಪ್ಪಣ್ಣಾ! ಬ್ಯಾಡಾ!” ದಾನಿಶ್ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಉಳಿದಿಬ್ಬರು ಅಷ್ಟರಲ್ಲಿ ವ್ಯಾನು ಹತ್ತಿ, ಬೇಲಿಯ ಕಂಬ ಕೆಡವಿಕೊಂಡು ಪರಾರಿಯಾಗಿದ್ದರು.

ದಾನಿಶ್ ತೆವಳಿಕೊಂಡು ಹುಡುಗನ ಬಳಿಗೆ ಹೋದ. ರಕ್ತ ಚಿಲುಮೆಯಂತೆ ಚಿಮ್ಮುತ್ತಿತ್ತು. ಬೀರಪ್ಪನ ಟವೆಲು ಕಿತ್ತುಕೊಂಡು, ಒಂದೇ ಕೈಯಲ್ಲಿ, ಹಲ್ಲಿನಿಂದ ಎಳೆದು ತೋಳಿಗೆ ಬಿಗಿದ. “ಅಣ್ಣ, ನನ್ ಫೋನ್ ಹುಡುಕು, ಬೇಗ!”

ಫೋನು ಸಿಕ್ಕಿತು. ಸಿಗ್ನಲ್ ಇರಲಿಲ್ಲ. ವ್ಯಾನು ಹೋಗಿದೆ, ಜಾಮರು ಇಲ್ಲೇ ಎಲ್ಲೋ ಉಳಿದಿದೆ. ಬೀರಪ್ಪ ಕಲ್ಲು, ಕಸ, ಬ್ಯಾಟರಿಯ ಸಂದಿಗಳನ್ನೆಲ್ಲ ತಡಕಾಡಿದ. ಏನು ಹುಡುಕುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

“ಎಲ್ಲಿಟ್ಟಿದ್ದೀರೋ ಅದನ್ನ? ಹೇಳು, ಇಲ್ದಿದ್ರೆ ಸತ್ತೋಗ್ತೀಯ!” ದಾನಿಶ್ ಹುಡುಗನ ಕೆನ್ನೆಗೆ ಬಾರಿಸಿದ.

ಹುಡುಗನ ತುಟಿ ಬಿಳಿಚಿಕೊಂಡಿತ್ತು. “ನಾನೂ ಇದೇ ಬ್ಯಾಟ್ರಿ ಕೂರಿಸ್ತಿದ್ದೆ... ಹೊಸ್ದುರ್ಗದ ಕಡೆ... ಬಿಡಿಸಿಬಿಟ್ರು,” ಎಂದು ಏನೇನೋ ತೊದಲಿದ. ಹೆಸರು ಕೇಳಿದರೆ ಅಭಿಲಾಷ್ ಎಂದ. ಎಷ್ಟೋ ಹೊತ್ತಿನ ಮೇಲೆ, “ಚೀಲ... ಏಣಿ ಮೇಲೆ...” ಎಂದ.

ಟವರಿನ ಏಣಿಗೆ, ತಲೆಯೆತ್ತರದಲ್ಲಿ, ಕಪ್ಪು ಚೀಲ ನೇತಾಡುತ್ತಿತ್ತು. ಬೀರಪ್ಪ ಅದನ್ನು ಕಿತ್ತು ನೆಲಕ್ಕೆ ಬಡಿದು, ಕಲ್ಲೆತ್ತಿ ಜಜ್ಜಿದ. ಒಳಗಿದ್ದ ಪೆಟ್ಟಿಗೆ ಚೂರುಚೂರಾಗುವ ತನಕ ಜಜ್ಜಿದ. ಕೂಡಲೇ ದಾನಿಶನ ಫೋನು ಒಂದರ ಮೇಲೊಂದು ಮೆಸೇಜು ಕಕ್ಕತೊಡಗಿತು. ಕ್ಯಾಮೆರಾ ತನ್ನಲ್ಲೇ ಇಟ್ಟುಕೊಂಡಿದ್ದ ಫೋಟೊಗಳನ್ನೆಲ್ಲ ಕಂಟ್ರೋಲ್ ರೂಮಿಗೆ ಸಾಗಿಸಿದ್ದು ಅದೇ ಹೊತ್ತಿನಲ್ಲಿ.

ದಾನಿಶ್ ಫೋನ್ ಮಾಡಿದ ಮೇಲೆ ಅಜ್ಜಂಪುರದಿಂದ ಆಂಬುಲೆನ್ಸ್ ಬಂತು. ತರೀಕೆರೆ ಇನ್ನೂ ಎರಡು ಮೈಲಿ ಇದೆ ಎನ್ನುವಾಗ, ದಾನಿಶನ ಪಕ್ಕದ ಸ್ಟ್ರೆಚರಿನಲ್ಲೇ, ಅಭಿಲಾಷನ ಉಸಿರು ನಿಂತಿತು.

ಪೊಲೀಸರು ಬಂದಾಗ ಬೀರಪ್ಪ ಟವರಿನ ಬಾಗಿಲಲ್ಲೇ ಕೂತಿದ್ದನಂತೆ, ಅಲ್ಲಿಂದಲೇ ಅವನನ್ನು ಹಿಡಿದೊಯ್ದರು. ಕಂಪನಿ ಕೊಟ್ಟ ಫೋಟೊಗಳಲ್ಲಿ ಕಳ್ಳರ ಬೆನ್ನುಗಳಿದ್ದವು, ಮುಖ ಕಂಡದ್ದು ಒಂದರಲ್ಲೇ. ಮಂಡಿಯೂರಿದ ಹುಡುಗ, ಅವನ ತಲೆಯ ಮೇಲೆ ಮಚ್ಚೆತ್ತಿ ನಿಂತ ಬೀರಪ್ಪ. ಜನರೇಟರಿನ ಹಿಂದೆ ನಡೆದದ್ದು ಯಾವುದರಲ್ಲೂ ಇರಲಿಲ್ಲ. ಇಳಿದ ಮಚ್ಚೂ ಇರಲಿಲ್ಲ. ಕ್ಯಾಮೆರಾ ನಿಮಿಷಕ್ಕೊಂದು ಫೋಟೊ ಹಿಡಿಯುವಂಥದ್ದು.

ವಾರದ ಮೇಲೆ ಮ್ಯಾನೇಜರ್ ರೇಣುಕಪ್ರಸಾದ್ ದಾನಿಶನನ್ನು ಕಡೂರಿನ ಆಫೀಸಿಗೆ ಕರೆಸಿಕೊಂಡರು. ಪ್ಲಾಸ್ಟರ್ ಹಾಕಿದ ಕೈ ನೋಡಿ ಅಯ್ಯೋ ಪಾಪ ಎಂದರು, ಕಾಫಿ ತರಿಸಿದರು, ಆಮೇಲೆ ಟೈಪ್ ಮಾಡಿದ್ದ ಹಾಳೆಯೊಂದನ್ನು ಮುಂದಿಟ್ಟರು. ನನ್ನನ್ನು ಯಾರೂ ಕಳಿಸಲಿಲ್ಲ, ನಾನಾಗಿಯೇ ಹೋದೆ ಎಂದು ಅದರಲ್ಲಿತ್ತು. ಬೀರಪ್ಪ ಕಳ್ಳರ ಜೊತೆಗಿದ್ದ, ಅವರವರಲ್ಲೇ ಹೊಡೆದಾಟವಾಯಿತು ಎಂದೂ ಇತ್ತು.

“ಕೆಲಸ ಹೋಗಿದ್ದಕ್ಕೆ ಅವನಿಗೆ ಸಿಟ್ಟಿತ್ತು ಕಣಪ್ಪ. ಜನ ನಂಬ್ತಾರೆ.”

“ನನ್ ಕೈ ಮುರಿದಿದ್ದು ಯಾರು ಸಾರ್?”

“ಅದನ್ನ ಕ್ಯಾಮೆರಾ ನೋಡಿಲ್ವಲ್ಲ.”

ದಾನಿಶ್ ಎದ್ದ. ಮರುಗಳಿಗೆ ಅವನ ಬಲಗೈ ಮ್ಯಾನೇಜರರ ಕಾಲರಿನಲ್ಲಿತ್ತು. ಅವರ ಬೆನ್ನು ಗೋಡೆಗೆ ಬಡಿಯಿತು, ಕಾಫಿ ಲೋಟ ಒಡೆಯಿತು. ಹೊಡೆಯಲು ಇನ್ನೊಂದು ಕೈ ಇರಲಿಲ್ಲ, ಇದ್ದಿದ್ದರೆ ಹೊಡೆದೇ ಬಿಡುತ್ತಿದ್ದ. ಅವರ ಕಣ್ಣಿನಲ್ಲಿ ಭಯ ಕಂಡಾಗ, ಗುಡ್ಡದ ಮೇಲೆ ಅಭಿಲಾಷನ ಕಣ್ಣಿನಲ್ಲಿ ಕಂಡದ್ದೂ ಇಂಥದ್ದೇ ಅನ್ನಿಸಿ ಕೈ ಬಿಟ್ಟ.

ಅಲ್ಲಿಂದ ನೇರ ಅಜ್ಜಂಪುರ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಎರಡು ಹದಿನೇಳಕ್ಕೆ ಕಂಟ್ರೋಲ್ ರೂಮಿನಿಂದ ಬಂದ ಕರೆಯನ್ನು ಫೋನಿನಲ್ಲಿ ತೋರಿಸಿದ. ಬೀರಪ್ಪ ಒಮ್ಮೆ ಕಡಿದದ್ದು, ಇನ್ನೊಮ್ಮೆ ಎತ್ತಿ ಇಳಿಸಿದ್ದು, ಎರಡನ್ನೂ ಬರೆಸಿದ. ಸಂಜೆಯೊಳಗೆ ಅವನ ಕೆಲಸ ಹೋಯಿತು. ತಿಂಗಳ ಮೇಲೆ ಓಡಿಹೋದವರಿಬ್ಬರೂ ಸಿಕ್ಕಿಬಿದ್ದು, ಆ ಕುರಿಯವನು ಯಾರೋ ನಮಗೆ ಗೊತ್ತೇ ಇಲ್ಲ ಎಂದರು. ತರೀಕೆರೆ ಕೋರ್ಟಿನಲ್ಲಿ ಬೀರಪ್ಪನಿಗೆ ಜಾಮೀನಾಯಿತು. ಕೇಸು ಮಾತ್ರ ಇನ್ನೂ ನಡೆಯುತ್ತಿದೆ.

ಹೊರಗೆ ಬಂದ ದಿನ ಬೀರಪ್ಪ ದಾನಿಶನ ಬೈಕಿನ ಹಿಂದೆ ಕೂತು ಕೇಳಿದ, “ಆ ಹುಡ್ಗುಂಗೆ ತಾಯಿ ಇದಾಳಾ?”

“ಲಿಂಗದಹಳ್ಳೀಲಿ ಇದಾರಂತೆ.”

“ಅಲ್ಲಿಗ್ ನಡಿ.”

“ಲಾಯರು ಬೇಡ ಅಂದವ್ರೆ ಅಣ್ಣ.”

“ನಡಿ ಅಂದ್ನಲ್ಲ.”

ಅಭಿಲಾಷನ ತಾಯಿ ವಿಮಲಮ್ಮ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದರು. ಬೀರಪ್ಪ ಅಂಗಳದ ಅಂಚಿನಲ್ಲೇ ನಿಂತು ಚಪ್ಪಲಿ ಬಿಟ್ಟ. “ನಾನೇ ಕಣವ್ವ, ನಿನ್ ಮಗನ ಕೈ ಕಡಿದೋನು,” ಎಂದ.

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೊರ ಬಿಸಾಕಿ, ಮೂಲೆಯಲ್ಲಿದ್ದ ಸೌದೆಯ ತುಂಡು ಹಿಡಿದು ಬಂದರು. ಮೊದಲ ಪೆಟ್ಟು ಬೀರಪ್ಪನ ಭುಜಕ್ಕೆ, ಎರಡನೆಯದು ಕಿವಿಗೆ. ರಕ್ತ ಬಂತು. ದಾನಿಶ್ ಮುಂದೆ ಬಂದಾಗ ಬೀರಪ್ಪ ಅವನನ್ನು ಕೈಯಿಂದಲೇ ತಡೆದ. ಆಕೆ ಬೈಯುತ್ತಾ, ಮಗನ ಹೆಸರು ಕೂಗುತ್ತಾ, ತೋಳು ಸೋಲುವವರೆಗೂ ಹೊಡೆದರು. ಅವನು ಕೈ ಅಡ್ಡ ತರಲಿಲ್ಲ, ಒಂದು ಹೆಜ್ಜೆಯೂ ಹಿಂದಿಡಲಿಲ್ಲ. ಕೊನೆಗೆ ಸೌದೆ ಕೈಜಾರಿ, ಆಕೆ ಚೆಲ್ಲಿದ ಕಾಳಿನ ಮೇಲೆಯೇ ಕುಸಿದು ಕೂತರು. ಬೀರಪ್ಪನೂ ಅಲ್ಲೇ, ನಾಲ್ಕು ಅಡಿ ದೂರದಲ್ಲಿ, ನೆಲದ ಮೇಲೆ ಕೂತ.